‘ಮಣ್ಣಲ್ಲಿ ಕರಗುವ’ ಮಲ್ಚಿಂಗ್ ಶೀಟ್: ಎಲ್ಲಿ, ಎಷ್ಟು ದಿನಕ್ಕೆ ಕರಗುತ್ತೆ ಅಂತ ಕೇಳಿ ಕೊಳ್ಳಿ

ಮಲ್ಚಿಂಗ್ ಶೀಟ್ ಕೊಳ್ಳಲು ಹೋದ ರೈತರಿಗೆ ಈಗ ಒಂದು ಹೊಸ ಮಾತು ಕೇಳಿಸುತ್ತಿದೆ. ‘ಇದು ಬಯೋಡಿಗ್ರೇಡಬಲ್, ಮೆಕ್ಕೆಜೋಳದಿಂದ ಮಾಡಿದ್ದು. ಬೆಳೆ ಮುಗಿದ ಮೇಲೆ ಕೀಳುವ ಕೆಲಸವೇ ಇಲ್ಲ. ರೋಟವೇಟರ್ ಹೊಡೆದುಬಿಡಿ, ಮಣ್ಣಲ್ಲಿ ಕರಗಿ ಹೋಗುತ್ತೆ.’ ಶೀಟ್ ಕೀಳಲು ಆಳು ಸಿಗದೆ ಒದ್ದಾಡಿದ ಯಾರಿಗಾದರೂ ಇದು ಇಂಪಾಗಿಯೇ ಕೇಳುತ್ತದೆ.

ಈ ಮಾತು ಪೂರ್ತಿ ಸುಳ್ಳಲ್ಲ. ಮಣ್ಣಿನ ಜೀವಿಗಳು ತಿಂದು ಮುಗಿಸುವಂಥ ಪ್ಲಾಸ್ಟಿಕ್ ನಿಜವಾಗಿಯೂ ಇದೆ. ಆದರೆ ಆ ಹೆಸರಿನಲ್ಲಿ ಬರುವ ಎಲ್ಲವೂ ನಮ್ಮ ಹೊಲದಲ್ಲಿ ಕರಗುವುದಿಲ್ಲ. ‘ಕರಗುತ್ತೆ’ ಅನ್ನುವುದು ಅರ್ಧ ಮಾತು. ಎಲ್ಲಿ ಕರಗುತ್ತೆ, ಎಷ್ಟು ದಿನಕ್ಕೆ ಕರಗುತ್ತೆ ಅನ್ನುವುದೂ ಸೇರಿದರೆ ಪೂರ್ತಿ ಮಾತು. ಆ ಇನ್ನರ್ಧ ಬರಹದಲ್ಲಿ ಸಿಗುವವರೆಗೆ ಯಾವ ಶೀಟನ್ನೂ ಮಣ್ಣಿಗೆ ಸೇರಿಸಿ ಉಳಬಾರದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಈ ವಾರ ವಿವರವಾಗಿ ಬರೆಯುತ್ತಿದ್ದೇನೆ.

ಎಕರೆಗೆ 70 ಕೆ.ಜಿ. ಪ್ಲಾಸ್ಟಿಕ್

ಮೊದಲು ಒಂದು ಲೆಕ್ಕ ಹಾಕೋಣ. 5 ಅಡಿಗೊಂದು ಬೆಡ್ ಮಾಡಿ, 4 ಅಡಿ ಅಗಲದ ಶೀಟ್ ಹಾಸಿದರೆ ಎಕರೆಗೆ ಸುಮಾರು 2,650 ಮೀಟರ್ ಉದ್ದದ ಶೀಟ್ ಬೇಕು. 400 ಮೀಟರಿನ ರೋಲ್ ಆದರೆ ಹೆಚ್ಚುಕಡಿಮೆ 7 ರೋಲ್. 25 ಮೈಕ್ರಾನ್ ದಪ್ಪದ ಮಾಮೂಲಿ ಪಾಲಿಥಿನ್ ಶೀಟ್ ಚದರ ಮೀಟರಿಗೆ ಸುಮಾರು 23 ಗ್ರಾಂ ತೂಗುತ್ತದೆ. ಎಲ್ಲಾ ಸೇರಿದರೆ ಒಂದು ಎಕರೆ ಟೊಮೆಟೊ ಅಥವಾ ಕಲ್ಲಂಗಡಿ ಹೊಲದ ಮೇಲೆ 70 ಕೆ.ಜಿ.ಗೂ ಹೆಚ್ಚು ಪ್ಲಾಸ್ಟಿಕ್ ಹಾಸಿದಂತಾಯಿತು.

ಶೀಟ್‌ನಿಂದ ಲಾಭ ಇಲ್ಲ ಅಂತ ನಾನು ಹೇಳುವುದಿಲ್ಲ. ಕಳೆ ಕಡಿಮೆ, ನೀರು ಉಳಿತಾಯ, ಕಾಯಿಗೆ ಮಣ್ಣು ತಾಗದೆ ಗುಣಮಟ್ಟ ಚೆನ್ನಾಗಿ ಬರುತ್ತೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಟೊಮೆಟೊ, ದಪ್ಪ ಮೆಣಸಿನಕಾಯಿ ಬೆಳೆಯುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಸಮಸ್ಯೆ ಇರುವುದು ಬೆಳೆ ಮುಗಿದ ಮೇಲೆ. ಶೀಟ್ ಅಷ್ಟು ಹೊತ್ತಿಗೆ ಬಿಸಿಲಿಗೆ ಒಣಗಿ ಗರಿಗರಿ ಆಗಿರುತ್ತದೆ. ಎಳೆದರೆ ಹರಿಯುತ್ತದೆ. ಅಂಚು ಮಣ್ಣಲ್ಲೇ ಉಳಿಯುತ್ತದೆ. ಕಿತ್ತದ್ದನ್ನು ಬದುವಿನ ಮೇಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ, ಆ ಹೊಗೆ ಊರಿಗೇ ಬರುತ್ತದೆ. ಗುತ್ತಿಗೆಗೆ ಭೂಮಿ ಹಿಡಿದವರಂತೂ ಎಷ್ಟೋ ಕಡೆ ಕೀಳುವ ಗೋಜಿಗೇ ಹೋಗುವುದಿಲ್ಲ. ಅವರು ಮುಂದಿನ ವರ್ಷ ಬೇರೆ ಊರಲ್ಲಿ ಇರುತ್ತಾರೆ, ಚೂರುಗಳು ಮಾತ್ರ ಭೂಮಿ ಮಾಲೀಕನ ಪಾಲಿಗೆ.

ಮುಂದೆ ಏನಾಗುತ್ತೆ ಅಂತ ತಿಳಿಯಲು ಚೀನಾ ನೋಡಿದರೆ ಸಾಕು. ಅಲ್ಲಿನ ಶಿನ್‌ಜಿಯಾಂಗ್ ಪ್ರಾಂತ್ಯದ ಹತ್ತಿ ಹೊಲಗಳಲ್ಲಿ ದಶಕಗಟ್ಟಲೆ ತೆಳ್ಳನೆಯ ಪಾಲಿಥಿನ್ ಹಾಸಿದರು. 8 ಮೈಕ್ರಾನ್‌ನಷ್ಟು ತೆಳು ಶೀಟು ಕೀಳಲು ಹೋದರೆ ಕೈಗೇ ಬರುತ್ತಿರಲಿಲ್ಲ. ಉಳಿದ ಚೂರು ಬೇರಿಗೂ ನೀರಿಗೂ ಅಡ್ಡವಾಯಿತು. ಕೊನೆಗೆ ಆ ದೇಶ 2018ರಿಂದ ಕನಿಷ್ಠ ದಪ್ಪವನ್ನು 10 ಮೈಕ್ರಾನ್‌ಗೆ ಏರಿಸಿತು. ಆದರೆ ಅಷ್ಟರಲ್ಲಿ ಮಣ್ಣಿಗೆ ಸೇರಿದ್ದನ್ನು ಆರಿಸಿ ತೆಗೆಯುವ ದಾರಿ ಯಾರಿಗೂ ಗೊತ್ತಿಲ್ಲ.

ಹಾಗಾಗಿ ಕರಗುವ ಶೀಟ್ ನಮಗೆ ಬೇಕು. ಬೇಕು ಅನ್ನುವ ಕಾರಣಕ್ಕೇ ಅದು ಸರಿಯಾದದ್ದಾಗಿರಬೇಕು.

ಕರಗೋದು ಅಂದ್ರೆ ಏನು?

ಉಪ್ಪು ನೀರಲ್ಲಿ ಕರಗುವ ಹಾಗೆ ಪ್ಲಾಸ್ಟಿಕ್ ಕರಗುವುದಿಲ್ಲ. ಅದನ್ನು ಯಾರಾದರೂ ತಿನ್ನಬೇಕು. ತಿನ್ನುವವರು ಮಣ್ಣಿನ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು.

ಪ್ಲಾಸ್ಟಿಕ್ ಅಂದರೆ ಉದ್ದದ ಸರಪಳಿ ಅಂತ ಇಟ್ಟುಕೊಳ್ಳಿ. ಸಾವಿರಾರು ಕೊಂಡಿ ಸೇರಿ ಒಂದು ಸರಪಳಿ. ಇಷ್ಟು ಉದ್ದದ್ದು ಬ್ಯಾಕ್ಟೀರಿಯಾದ ಮೈಯೊಳಗೆ ಹೋಗುವುದಿಲ್ಲ. ಆದ್ದರಿಂದ ಅದು ಕಿಣ್ವವನ್ನು, ಅಂದರೆ ಎಂಜೈಮನ್ನು ಹೊರಗೆ ಬಿಡುತ್ತದೆ. ಕಿಣ್ವ ಸರಪಳಿಯ ಕೊಂಡಿಯನ್ನು ನೀರಿನ ಸಹಾಯದಿಂದ ಕತ್ತರಿಸುತ್ತದೆ. ಚೂರು ಸಣ್ಣದಾಗಿ ನೀರಲ್ಲಿ ಬೆರೆಯುವ ಹಂತಕ್ಕೆ ಬಂದ ಮೇಲೆ ಜೀವಿ ಅದನ್ನು ಹೀರಿಕೊಂಡು ತಿನ್ನುತ್ತದೆ. ಸ್ವಲ್ಪ ಅದರ ಮೈಗೆ ಸೇರುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ. ಇಷ್ಟೂ ನಡೆದರೆ ಅದು ಕೊಳೆಯುವುದು. ಬರೀ ಚೂರುಚೂರಾಗಿ ಕಣ್ಣಿಗೆ ಕಾಣದಾದರೆ ಅದು ಕೊಳೆತದ್ದಲ್ಲ, ಪುಡಿಯಾದದ್ದು. ಈ ವ್ಯತ್ಯಾಸ ನೆನಪಿರಲಿ.

ಪಾಲಿಥಿನ್‌ನಲ್ಲಿ ಕಿಣ್ವಕ್ಕೆ ಕತ್ತರಿಸಲು ಸಿಗುವಂಥ ಕೊಂಡಿ ಇಲ್ಲ. ಪಾಲಿಯೆಸ್ಟರ್ ಜಾತಿಯ ಪ್ಲಾಸ್ಟಿಕ್‌ಗಳಲ್ಲಿ ‘ಎಸ್ಟರ್’ ಎಂಬ ಕೊಂಡಿ ಇದೆ. ಎಣ್ಣೆ, ತುಪ್ಪದಲ್ಲಿ ಇರುವುದೂ ಇದೇ ಎಸ್ಟರ್ ಕೊಂಡಿ. ಅದನ್ನು ಕತ್ತರಿಸುವ ಕಿಣ್ವ ಮಣ್ಣಿನಲ್ಲಿ ಮೊದಲಿನಿಂದಲೂ ಇದೆ.

ಯಾಕೆ ಇದೆ? ಟೊಮೆಟೊ ಬೇಯಿಸಿದಾಗ ತೆಳ್ಳಗೆ ಸುಲಿದು ಬರುವ ಸಿಪ್ಪೆ ನೋಡಿ. ಅದರ ಗಟ್ಟಿತನಕ್ಕೆ ಕಾರಣ ಕ್ಯುಟಿನ್ ಎಂಬ ವಸ್ತು. ಅದು ಗಿಡ ತಾನೇ ಮಾಡಿಕೊಂಡ ಪಾಲಿಯೆಸ್ಟರ್! ಎಲೆಗಳ ಮೇಲ್ಪದರದಲ್ಲೂ ಇದೇ ಇದೆ. ತರಗೆಲೆ ಬಿದ್ದಾಗಲೆಲ್ಲ ಅದನ್ನು ಅರಗಿಸಲು ಮಣ್ಣಿನ ಜೀವಿಗಳು ಕ್ಯುಟಿನೇಸ್ ಎಂಬ ಕಿಣ್ವ ಬಿಡುತ್ತವೆ. ಫ್ಯುಸೇರಿಯಂ ಅಂದರೆ ಸೊರಗು ರೋಗದಿಂದ ನಮಗೆಲ್ಲ ಗೊತ್ತಿರುವ ಹೆಸರು. ಅದೇ ಬಳಗದ ಫ್ಯುಸೇರಿಯಂ ಸೋಲಾನಿ ಗಿಡದ ಚರ್ಮ ಕೊರೆದು ಒಳಹೋಗಲು ಇದೇ ಕಿಣ್ವ ಬಳಸುತ್ತದೆ. ಜಪಾನಿನ ಟೋಕಿವಾ ಮತ್ತು ಸುಝುಕಿ ಎಂಬ ವಿಜ್ಞಾನಿಗಳು 1977ರಲ್ಲೇ ಇನ್ನೊಂದು ವಿಷಯ ತೋರಿಸಿದರು. ಕೊಬ್ಬು ಕರಗಿಸುವ ಲೈಪೇಸ್ ಕಿಣ್ವವೂ ಕೆಲವು ಪಾಲಿಯೆಸ್ಟರ್‌ಗಳನ್ನು ಕತ್ತರಿಸುತ್ತದೆ. ಆ ಕಿಣ್ವ ಬಂದದ್ದು ರೈಜೋಪಸ್ ಬೂಷ್ಟಿನಿಂದ. ಹಲಸಿನ ಎಳೆ ಮಿಡಿಗೆ ಕಪ್ಪು ಬೂಷ್ಟು ಹತ್ತಿ ಕೊಳೆಯುತ್ತದಲ್ಲ, ಅದೂ ಇದೇ ಬಳಗದ್ದು.

2018ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನ ವಿಜ್ಞಾನಿಗಳು ಮಲ್ಚಿಂಗ್ ಶೀಟಿಗೆ ಬಳಸುವ ಪಿಬಿಎಟಿ ಎಂಬ ಪಾಲಿಯೆಸ್ಟರ್‌ನ ಇಂಗಾಲಕ್ಕೆ ಗುರುತು ಹಾಕಿ ಮಣ್ಣಿನಲ್ಲಿಟ್ಟು ನೋಡಿದರು. ಆ ಗುರುತಿನ ಇಂಗಾಲ ಹೊರಬಂದ ಗಾಳಿಯಲ್ಲೂ ಸಿಕ್ಕಿತು, ಶಿಲೀಂಧ್ರದ ಮೈಯಲ್ಲೂ ಸಿಕ್ಕಿತು. ಅಂದರೆ ಮಣ್ಣಿನ ಜೀವಿ ಪ್ಲಾಸ್ಟಿಕ್ ತಿನ್ನುವುದು ಕಟ್ಟುಕತೆಯಲ್ಲ, ನಡೆಯುವ ಸಂಗತಿ.

ಗಿಡದಿಂದ ಬಂದದ್ದು ಬೇರೆ, ಕೊಳೆಯುವುದು ಬೇರೆ

ಮಾರುವವರು ಹೆಚ್ಚಾಗಿ ಗೊಂದಲ ಮಾಡುವುದು ಇಲ್ಲಿ. ‘ಜೋಳದಿಂದ ಮಾಡಿದ್ದು, ಕರಗದೆ ಏನಾಗುತ್ತೆ?’ ಅನ್ನುತ್ತಾರೆ. ಬ್ರೆಜಿಲ್‌ನಲ್ಲಿ 2010ರಿಂದ ಕಬ್ಬಿನ ಎಥನಾಲ್ ಬಳಸಿ ಪಾಲಿಥಿನ್ ಮಾಡುತ್ತಿದ್ದಾರೆ. ಹುಟ್ಟಿದ್ದು ಕಬ್ಬಿನಿಂದ, ಆದರೂ ಅದು ಪಾಲಿಥಿನ್ನೇ. ನೂರು ವರ್ಷ ಹೂತಿಟ್ಟರೂ ಉಳಿದೇ ಇರುತ್ತದೆ. ಇತ್ತ ಮೇಲೆ ಹೇಳಿದ ಪಿಬಿಎಟಿಯನ್ನು ಬಹುಪಾಲು ಪೆಟ್ರೋಲಿಯಂನಿಂದ ಮಾಡುತ್ತಾರೆ, ಅದು ಮಣ್ಣಲ್ಲಿ ಕೊಳೆಯುತ್ತದೆ. ಯಾವುದರಿಂದ ಹುಟ್ಟಿತು ಅನ್ನುವುದಕ್ಕಿಂತ ಕೊಂಡಿ ಎಂಥದ್ದು, ಕಿಣ್ವಕ್ಕೆ ಅದು ಸಿಗುತ್ತದಾ ಅನ್ನುವುದು ಮುಖ್ಯ.

ಗಿಡಮೂಲದಿಂದ ಮಾಡಬಹುದಾದ, ಕೊಳೆಯುವ ಗುಣವಿರುವ ಪಾಲಿಯೆಸ್ಟರ್‌ಗಳಲ್ಲಿ ರೈತರು ಹೆಸರು ತಿಳಿದಿರಬೇಕಾದವು ಮೂರು.

• ಪಿಎಚ್‌ಬಿ: ಇದನ್ನು ಬ್ಯಾಕ್ಟೀರಿಯಾಗಳೇ ತಮ್ಮ ಮೈಯಲ್ಲಿ ಮಾಡಿ ಕೂಡಿಡುತ್ತವೆ, ನಾವು ಕಣಜದಲ್ಲಿ ರಾಗಿ ತುಂಬಿಡುವ ಹಾಗೆ. ಫ್ರಾನ್ಸಿನ ಲೆಮೊಯ್ನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಇದನ್ನು ಬ್ಯಾಸಿಲಸ್ ಮೆಗಾಟೀರಿಯಂ ಎಂಬ ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದರು. ರಂಜಕ ಕರಗಿಸುವ ಜೈವಿಕ ಗೊಬ್ಬರದ ಪ್ಯಾಕೆಟ್ ತಂದಿದ್ದರೆ ಆ ಹೆಸರು ಅದರ ಮೇಲೆ ನೋಡಿರುತ್ತೀರಿ. ಅಜಟೋಬ್ಯಾಕ್ಟರ್, ರೈಜೋಬಿಯಂ ಕೂಡ ಇದನ್ನು ಕೂಡಿಡುತ್ತವೆ. ಕೂಡಿಟ್ಟದ್ದನ್ನು ತಿನ್ನುವ ಕಿಣ್ವ ಮಣ್ಣಿನಲ್ಲಿ ಧಾರಾಳವಾಗಿದೆ. ಆದ್ದರಿಂದ ಮಣ್ಣಿನಲ್ಲಿ ಚೆನ್ನಾಗಿ ಕೊಳೆಯುತ್ತದೆ. ಬೆಲೆ ಜಾಸ್ತಿ, ಸುಲಭವಾಗಿ ಮುರಿಯುತ್ತದೆ ಅನ್ನುವುದು ಇದರ ಕೊರತೆ.

• ಪಿಬಿಎಸ್: ಸಕ್ಕರೆಯನ್ನು ಹುಳಿಸಿ ಪಡೆದ ಸಕ್ಸಿನಿಕ್ ಆಮ್ಲದಿಂದ ಮಾಡಬಹುದು. ಪೆಟ್ರೋಲಿಯಂನಿಂದಲೂ ಮಾಡುತ್ತಾರೆ. ಮಣ್ಣಿನಲ್ಲಿ ಕೊಳೆಯುತ್ತದೆ, ನಿಧಾನವಾಗಿ.

• ಪಿಎಲ್‌ಎ: ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುಳಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದರಿಂದ ತಯಾರಿಸುತ್ತಾರೆ. ಮೊಸರು ಹುಳಿಯಾಗುವುದೂ ಇದೇ ಆಮ್ಲದಿಂದ. ಮೂರರಲ್ಲಿ ಹೆಚ್ಚು ಪ್ರಚಾರ ಸಿಕ್ಕಿರುವುದು ಇದಕ್ಕೇ. ‘ಜೋಳದ ಪ್ಲಾಸ್ಟಿಕ್’ ಅಂತ ಯಾರಾದರೂ ಹೇಳಿದರೆ ಬಹುಪಾಲು ಇದೇ ಇರುತ್ತದೆ. ನಮ್ಮ ಹೊಲದಲ್ಲಿ ತಕರಾರು ಇರುವುದೂ ಇದರ ಮೇಲೆಯೇ.

ರೇಷ್ಮೆ ಕತ್ತರಿಸುವ ಕಿಣ್ವ ಬೇಕು

ಪಿಎಲ್‌ಎ ಕೂಡ ಪಾಲಿಯೆಸ್ಟರ್ ಆದರೂ ತರಗೆಲೆ ಅರಗಿಸುವ ಸಾಮಾನ್ಯ ಕಿಣ್ವಗಳು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅದನ್ನು ಕತ್ತರಿಸುವುದು ಹೆಚ್ಚಾಗಿ ಪ್ರೋಟೀನ್ ಅರಗಿಸುವ ಕಿಣ್ವಗಳು. ಟ್ರಿಟಿರೇಕಿಯಂ ಎಂಬ ಶಿಲೀಂಧ್ರದಿಂದ ಬರುವ ‘ಪ್ರೋಟಿನೇಸ್ ಕೆ’ ಪಿಎಲ್‌ಎಯನ್ನು ಕರಗಿಸುತ್ತದೆ ಅಂತ 1981ರಲ್ಲೇ ಗೊತ್ತಾಯಿತು. ಮಣ್ಣಿನಿಂದಲೇ ಪಿಎಲ್‌ಎ ತಿನ್ನುವ ಜೀವಿಯನ್ನು ಬೇರ್ಪಡಿಸಿದ ವರದಿ ಬಂದದ್ದು 1997ರಲ್ಲಿ. ಅದರ ಹೆಸರು ಅಮೈಕೊಲಾಟಾಪ್ಸಿಸ್.

ಇದರಲ್ಲಿ ರೇಷ್ಮೆ ಬೆಳೆಗಾರರಿಗೆ ಕುತೂಹಲ ಹುಟ್ಟಿಸುವ ಒಂದು ಸಂಗತಿ ಇದೆ. ಪಿಎಲ್‌ಎ ತಿನ್ನುವ ಈ ಬಗೆಯ ಜೀವಿಗಳಲ್ಲಿ ಹಲವು ರೇಷ್ಮೆಯ ನೂಲನ್ನೂ ತಿನ್ನುತ್ತವೆ. ರೇಷ್ಮೆಯ ಪ್ರೋಟೀನ್‌ನಲ್ಲಿ ಅಲನಿನ್ ಎಂಬ ಕೊಂಡಿ ಹೇರಳವಾಗಿದೆ, ಪಿಎಲ್‌ಎಯ ಲ್ಯಾಕ್ಟಿಕ್ ಆಮ್ಲದ ಕೊಂಡಿ ನೋಡಲು ಅದೇ ಥರ. ರೇಷ್ಮೆ ಅಂತ ತಿಳಿದು ಕಿಣ್ವ ಅದನ್ನು ಕತ್ತರಿಸುತ್ತದೆ ಅಂತ ವಿಜ್ಞಾನಿಗಳ ಅಭಿಪ್ರಾಯ. ಆದರೆ ಇಂಥ ಜೀವಿಗಳು ಎಲೆ ತಿನ್ನುವ ಜೀವಿಗಳಷ್ಟು ಸಂಖ್ಯೆಯಲ್ಲಿ ಎಲ್ಲಾ ಮಣ್ಣಿನಲ್ಲೂ ಇರುವುದಿಲ್ಲ.

ಇನ್ನೊಂದು ತೊಡಕು ಬಿಸಿ. ಪಿಎಲ್‌ಎ 55ರಿಂದ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರುವವರೆಗೆ ಗಾಜಿನ ಹಾಗೆ ಬಿಗಿಯಾಗಿರುತ್ತದೆ. ಆ ಬಿಸಿ ದಾಟಿದರೆ ಸರಪಳಿ ಸಡಿಲವಾಗುತ್ತದೆ, ನೀರು ಒಳನುಗ್ಗಿ ತಾನೇ ಅದನ್ನು ತುಂಡು ಮಾಡುತ್ತದೆ, ಆಮೇಲೆ ಜೀವಿಗಳು ಬಂದು ತಿಂದು ಮುಗಿಸುತ್ತವೆ. ನಮ್ಮ ಕಡೆ ಒಂದು ಗೇಣು ಆಳದ ಮಣ್ಣು ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಆ ಬಿಸಿಯಲ್ಲಿ ಪಿಎಲ್‌ಎ ವರ್ಷಗಟ್ಟಲೆ ಹಾಗೇ ಉಳಿಯಬಹುದು. ಬೇಸಿಗೆ ಮಧ್ಯಾಹ್ನ ಕಪ್ಪು ಶೀಟ್ ಕಾಲಿಗೆ ಚುರುಕ್ ಅನ್ನುವಷ್ಟು ಕಾಯುತ್ತದೆ ನಿಜ. ಆದರೆ ಸಂಜೆಗೆ ಇಳಿಯುತ್ತದೆ, ಆ ಹೊತ್ತಲ್ಲಿ ಅಲ್ಲಿ ನೀರೂ ಇರುವುದಿಲ್ಲ. ನೀರಿಲ್ಲದೆ ಕಿಣ್ವ ಕೆಲಸ ಮಾಡುವುದಿಲ್ಲ.

58 ಡಿಗ್ರಿ ಪ್ರಮಾಣಪತ್ರ, 28 ಡಿಗ್ರಿ ಹೊಲ

ಕೃಷಿ ಮೇಳವೊಂದರ ಮಳಿಗೆಯಲ್ಲಿ ಇಂಥ ಶೀಟ್ ಇಟ್ಟಿದ್ದ ಹುಡುಗನನ್ನು ನಾನು ವಿಚಾರಿಸಿದೆ. ‘ಸರ್ಟಿಫಿಕೇಟ್ ಇದೆ ಸಾರ್, ನೋಡಿ’ ಅಂತ ತೋರಿಸಿದ. ಅದರಲ್ಲಿದ್ದದ್ದು ಐಎಸ್ 17088.

‘ಇದು ಕಾಂಪೋಸ್ಟ್ ಘಟಕದ ಪರೀಕ್ಷೆ ಅಲ್ವೇನಪ್ಪಾ? ಹೊಲದ ಮಣ್ಣಿನ ಪರೀಕ್ಷೆ ಮಾಡಿಸಿದ್ದು ಎಲ್ಲಿ?’ ಅಂತ ಕೇಳಿದೆ.

‘ಎರಡೂ ಒಂದೇ ಅಲ್ವಾ ಸಾರ್?’ ಅಂದ.

ಅವನ ತಪ್ಪಿಲ್ಲ, ಅವನಿಗೆ ಹೇಳಿಕೊಟ್ಟವರು ಹಾಗೆ ಹೇಳಿಕೊಟ್ಟಿದ್ದಾರೆ. ಎರಡೂ ಒಂದೇ ಅಲ್ಲ. ಐಎಸ್ 17088 ‘ಕಾಂಪೋಸ್ಟಬಲ್’ ಪ್ಲಾಸ್ಟಿಕ್‌ನ ಮಾನದಂಡ. ಅದರ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಬಿಸಿಯ, ಸದಾ ತೇವವಿರುವ ಕಾಂಪೋಸ್ಟ್‌ನಲ್ಲಿ. ಅಲ್ಲಿ 180 ದಿನದೊಳಗೆ ಶೇ 90ರಷ್ಟು ಇಂಗಾಲ ಗಾಳಿಗೆ ಹೋದರೆ ಪಾಸು. ಪಿಎಲ್‌ಎ ಇದರಲ್ಲಿ ಪಾಸಾಗುತ್ತದೆ, ಯಾಕೆಂದರೆ ಅದಕ್ಕೆ ಬೇಕಾದ ಬಿಸಿಯನ್ನೇ ಅಲ್ಲಿ ಕೊಡುತ್ತಾರೆ. ಚೆನ್ನಾಗಿ ಒಟ್ಟಿದ ಗೊಬ್ಬರದ ಗುಡ್ಡೆ ಕೆಲವು ದಿನ 60 ಡಿಗ್ರಿ ಮುಟ್ಟಬಹುದು. ಅದೇ ಬಿಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುವುದು ನಮ್ಮ ತಿಪ್ಪೆಯಲ್ಲಿ ಆಗದ ಮಾತು. ಹೊಲದಲ್ಲಂತೂ ದೂರವೇ ಉಳಿಯಿತು.

ಮಲ್ಚಿಂಗ್ ಶೀಟಿಗೆಂದೇ ಇರುವ ಮಾನದಂಡ ಬೇರೆ. ಯುರೋಪಿನವರು 2018ರಲ್ಲಿ ಇಎನ್ 17033 ತಂದರು. 2021ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 23517 ಬಂತು. ಇಎನ್ 17033ರ ಪರೀಕ್ಷೆ ಮಾಡುವುದು ಮಣ್ಣಿನಲ್ಲೇ, 20ರಿಂದ 28 ಡಿಗ್ರಿಯಲ್ಲಿ. ಎರಡು ವರ್ಷದೊಳಗೆ ಶೇ 90ರಷ್ಟು ಕೊಳೆಯಬೇಕು. ಜೊತೆಗೆ ಗಿಡಕ್ಕೆ, ಎರೆಹುಳುವಿಗೆ, ಸಾರಜನಕ ಪರಿವರ್ತಿಸುವ ಬ್ಯಾಕ್ಟೀರಿಯಾಗಳಿಗೆ ತೊಂದರೆ ಆಗಬಾರದು, ಭಾರ ಲೋಹ ಮಿತಿಯಲ್ಲಿರಬೇಕು.

ಎರಡು ವರ್ಷ ಅನ್ನುವುದನ್ನು ಗಮನಿಸಿ. ಮುಂದಿನ ಬೆಳೆಗೆ ಉಳುವಷ್ಟರಲ್ಲಿ ಮಾಯವಾಗುತ್ತೆ ಅಂತ ಅತ್ಯುತ್ತಮ ಶೀಟಿಗೂ ಯಾರೂ ಭರವಸೆ ಕೊಟ್ಟಿಲ್ಲ. ವರ್ಷಕ್ಕೆ ಎರಡು ಬೆಳೆಗೂ ಹೊಸ ಶೀಟ್ ಹಾಸಿ, ಎರಡನ್ನೂ ಮಣ್ಣಿಗೆ ಸೇರಿಸಿದರೆ ಹಳೆಯದು ಮುಗಿಯುವ ಮೊದಲೇ ಹೊಸದು ಸೇರುತ್ತಾ ಹೋಗುತ್ತದೆ. ನಿಜವಾಗಿ ಕರಗುವ ಶೀಟನ್ನೂ ಅಂಥ ವೇಗದಲ್ಲಿ ಬಳಸಬಾರದು ಅನ್ನುವುದು ನನ್ನ ಸಲಹೆ.

ನಮ್ಮ ಕಾನೂನು ಕೂಡ ಈಗ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಬಯೋಡಿಗ್ರೇಡಬಲ್ ಪ್ಲಾಸ್ಟಿಕ್ ಅಂದರೆ ಕಾಂಪೋಸ್ಟಬಲ್ ಅಲ್ಲದ್ದು. ಮಣ್ಣು, ಸಿಹಿನೀರು, ಸಮುದ್ರ ಹೀಗೆ ನಿರ್ದಿಷ್ಟ ಪರಿಸರದಲ್ಲಿ ಸೂಕ್ಷ್ಮ ಚೂರನ್ನೂ ಉಳಿಸದೆ ಕೊಳೆಯುವಂಥದ್ದು. ‘ನಿರ್ದಿಷ್ಟ ಪರಿಸರ’ ಅನ್ನುವ ಮಾತನ್ನು ಹಿಡಿದುಕೊಂಡೇ ನಾವು ಅಂಗಡಿಯವರನ್ನು ಕೇಳಬೇಕು.

ಇದರ ಜೊತೆ ‘ಆಕ್ಸೊ’ ಅಂತ ಬರೆದ ಶೀಟ್ ಕಂಡರೆ ಮುಟ್ಟಲೇಬೇಡಿ. ಅದು ಬಿಸಿಲಿಗೆ ಬೇಗ ಪುಡಿಯಾಗಲಿ ಅಂತ ಪುಡಿ ಬೆರೆಸಿದ ಪಾಲಿಥಿನ್, ಅಷ್ಟೇ. ಯುರೋಪಿನ ಒಕ್ಕೂಟದಲ್ಲಿ 2021ರಿಂದ ಅಂಥ ವಸ್ತುಗಳ ಮಾರಾಟಕ್ಕೆ ನಿಷೇಧವಿದೆ.

ಎಲ್ಲಾ ಮಣ್ಣೂ ಒಂದೇ ಅಲ್ಲ

ಮಣ್ಣಿಗೆಂದೇ ಮಾಡಿದ ಶೀಟ್ ಕೂಡ ಎಲ್ಲಾ ಕಡೆ ಒಂದೇ ವೇಗದಲ್ಲಿ ಕೊಳೆಯುವುದಿಲ್ಲ. ಕಿಣ್ವ ಹೊರಮೈಯಿಂದ ಸವೆಸುತ್ತಾ ಬರುವುದರಿಂದ ದಪ್ಪ ಶೀಟ್ ನಿಧಾನ, ತೆಳು ಶೀಟ್ ಬೇಗ. ತೇವ, ಸಾವಯವ ಅಂಶ, ಬಿಸಿ ಇದ್ದರೆ ಬೇಗ. ಮಲೆನಾಡಿನ ತೋಟದ ಮಣ್ಣಿಗೂ ರಾಯಚೂರಿನ ಬೇಸಿಗೆಯ ಒಣ ಎರೆಭೂಮಿಗೂ ಹೋಲಿಕೆ ಇಲ್ಲ. ಕೊಟ್ಟಿಗೆ ಗೊಬ್ಬರ ಕಾಣದೆ ಹತ್ತು ವರ್ಷ ಬರೀ ರಸಗೊಬ್ಬರದಲ್ಲಿ ಬೆಳೆದ ಹೊಲದಲ್ಲಿ ತಿನ್ನುವವರೇ ಕಡಿಮೆ.

ಉಲ್ಟಾ ತೊಂದರೆಯೂ ಇದೆ. ಮಣ್ಣಲ್ಲಿ ಹೂತ ಅಂಚಿಗೆ ತೇವ ಸಿಗುವುದರಿಂದ ಅದು ಮೊದಲು ಸವೆಯುತ್ತದೆ. ಬೆಳೆ ಮುಗಿಯುವ ಮೊದಲೇ ಅಂಚು ಬಿಟ್ಟುಕೊಂಡರೆ ಗಾಳಿಗೆ ಶೀಟ್ ಹಾರುತ್ತದೆ, ಕಳೆ ಏಳುತ್ತದೆ. ಎರಡೂವರೆ ತಿಂಗಳ ಕಲ್ಲಂಗಡಿಗೆ ಸರಿಹೋಗುವ ಶೀಟ್ ಐದು ತಿಂಗಳ ಟೊಮೆಟೊಗೆ ಸಾಲದೆ ಹೋಗಬಹುದು. ಯಾವ ಬೆಳೆಗೆ ಅಂತ ಹೇಳಿಯೇ ಕೊಳ್ಳಬೇಕು.

ಡೀಕಂಪೋಸರ್ ಹಾಕಿದ್ರೆ ಆಗಲ್ವಾ?

ಇದನ್ನು ಬಹಳ ಜನ ಕೇಳುತ್ತಾರೆ. ವೇಸ್ಟ್ ಡೀಕಂಪೋಸರ್ ಆಗಲಿ, ಜೀವಾಮೃತ ಆಗಲಿ, ಕಸದಿಂದ ಮಾಡಿದ ‘ಎಂಜೈಮ್’ ದ್ರಾವಣ ಆಗಲಿ, ಅವೆಲ್ಲ ಬೆಳೆಯ ಉಳಿಕೆ ಕೊಳೆಸಲು ಇರುವಂಥವು. ಪಾಲಿಥಿನ್ ಮೇಲೆ ಎಷ್ಟು ಸುರಿದರೂ ಶೀಟ್ ತೊಳೆದಂತಾಗುತ್ತದೆ ಹೊರತು ಬೇರೇನೂ ಆಗುವುದಿಲ್ಲ. ‘ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ’ ಅಂತ ಬಾಟಲಿ ಮಾರಲು ಬಂದವರಿಗೆ ದುಡ್ಡು ಕೊಡಬೇಡಿ.

ಹಾಗಂತ ಕಿಣ್ವ ಸಿಂಪಡಣೆ ಎಂಬುದೇ ಸುಳ್ಳಲ್ಲ. ಜಪಾನಿನ ಕೃಷಿ ವಿಜ್ಞಾನಿಗಳು ಭತ್ತದ ಎಲೆಯ ಮೇಲೆ ವಾಸಿಸುವ ಒಂದು ಯೀಸ್ಟ್ ಪಿಬಿಎಸ್ ಜಾತಿಯ ಶೀಟನ್ನು ಬೇಗ ಕೊಳೆಸುವುದನ್ನು 2011ರಲ್ಲಿ ಪ್ರಕಟಿಸಿದರು. ಆಮೇಲೆ ಅದರ ಕಿಣ್ವವನ್ನೇ ಬೇರ್ಪಡಿಸಿ, ಬೆಳೆ ಮುಗಿದ ಮೇಲೆ ಶೀಟಿನ ಮೇಲೆ ಸಿಂಪಡಿಸಿ ಪ್ರಯೋಗ ಮಾಡಿದ್ದಾರೆ. ಬೆಳೆ ಇರುವಷ್ಟು ದಿನ ಶೀಟ್ ಗಟ್ಟಿ ಇರಬೇಕು, ಮುಗಿದ ಮೇಲೆ ಬೇಗ ಹೋಗಬೇಕು ಅನ್ನುವ ನಮ್ಮ ಆಸೆಗೆ ಇದು ಸರಿಯಾದ ದಾರಿ. ಆದರೆ ಆ ಕಿಣ್ವ ಕೆಲಸ ಮಾಡುವುದು ಪಾಲಿಯೆಸ್ಟರ್ ಶೀಟಿನ ಮೇಲೆ. ನಿಮ್ಮ ಹೊಲದಲ್ಲಿರುವ ಮಾಮೂಲಿ ಕಪ್ಪು-ಬೆಳ್ಳಿ ಶೀಟಿನ ಮೇಲಲ್ಲ.

ನಿಮ್ಮ ಹೊಲದಲ್ಲೇ ಮಾಡಬಹುದಾದ ಪರೀಕ್ಷೆ

ಎಕರೆಗಟ್ಟಲೆ ಹಾಸುವ ಮೊದಲು ಒಂದು ಮೀಟರ್ ಸ್ಯಾಂಪಲ್ ಕೇಳಿ ತನ್ನಿ. ಕೊಡದವರ ಹತ್ತಿರ ಕೊಳ್ಳಬೇಡಿ.

• ಈರುಳ್ಳಿ ತುಂಬುವ ಬಲೆ ಚೀಲ ಕತ್ತರಿಸಿ ಮೂರು ಸಣ್ಣ ಚೀಲ ಮಾಡಿ.
• ಒಂದರಲ್ಲಿ ಹೊಸ ಶೀಟಿನ ಒಂದು ಗೇಣು ತುಂಡು, ಇನ್ನೊಂದರಲ್ಲಿ ಅಷ್ಟೇ ಅಳತೆಯ ಮಾಮೂಲಿ ಪಾಲಿಥಿನ್, ಮೂರನೆಯದರಲ್ಲಿ ಬಿಳಿ ಹತ್ತಿ ಬಟ್ಟೆ ಹಾಕಿ. ತುಂಡು ಮಡಚಿಕೊಳ್ಳದಂತೆ ಹರಡಿ, ಒಳಗೂ ಸ್ವಲ್ಪ ಮಣ್ಣು ತುಂಬಿ.
• ಬೆಡ್‌ನಲ್ಲೇ ಅರ್ಧ ಅಡಿ ಆಳದಲ್ಲಿ ಹೂತು ಗೂಟ ನೆಟ್ಟು ಗುರುತು ಮಾಡಿ. ಇಂಥದ್ದೇ ಮೂರು ಜೊತೆ ಹೂಳಿ. 2 ತಿಂಗಳಿಗೆ, 6 ತಿಂಗಳಿಗೆ, 1 ವರ್ಷಕ್ಕೆ ಒಂದೊಂದು ಜೊತೆ ತೆಗೆದು ತೊಳೆದು ನೋಡಿ.

ಹತ್ತಿ ಬಟ್ಟೆ ಎರಡು ತಿಂಗಳಾದರೂ ಹಾಗೇ ಇದ್ದರೆ ನಿಮ್ಮ ಮಣ್ಣಿಗೇ ಜೀವ ಸಾಲದು, ಅಥವಾ ತೇವ ಸಾಲದು. ಮೊದಲು ಅದನ್ನು ಸರಿಮಾಡಿ. ಹತ್ತಿ ಕೊಳೆತು, ವರ್ಷ ಕಳೆದರೂ ಶೀಟ್ ಪಾಲಿಥಿನ್ ಹಾಗೇ ಗಟ್ಟಿ ಇದ್ದರೆ ಅದನ್ನು ಮಣ್ಣಿಗೆ ಸೇರಿಸುವ ಮಾತೇ ಬೇಡ. ಶೀಟ್ ತೂತುತೂತಾಗಿ ತೆಳ್ಳಗಾಗಿದ್ದರೆ ಒಳ್ಳೆಯ ಸೂಚನೆ. ಆದರೆ ಪೂರ್ತಿ ಕೊಳೆಯಿತೋ ಪುಡಿಯಾಯಿತೋ ಅಂತ ಕಣ್ಣಿನಿಂದ ಹೇಳಲಾಗದು. ಅದಕ್ಕೆ ಮಣ್ಣಿನ ಪರೀಕ್ಷೆಯ ಪ್ರಮಾಣಪತ್ರ ಬೇಕೇ ಬೇಕು. ಈ ಚೀಲದ ಪರೀಕ್ಷೆಯಿಂದ ಕೆಟ್ಟದ್ದನ್ನು ಹಿಡಿಯಬಹುದು, ಒಳ್ಳೆಯದಕ್ಕೆ ಮುದ್ರೆ ಒತ್ತಲು ಆಗುವುದಿಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ:

1. ಇದು ಯಾವ ಪಾಲಿಮರ್? ಪಿಎಲ್‌ಎ ಎಷ್ಟು ಪಾಲು ಇದೆ?
2. ಪರೀಕ್ಷೆ ಮಾಡಿಸಿದ್ದು ಕಾಂಪೋಸ್ಟ್‌ನಲ್ಲೋ, ಮಣ್ಣಿನಲ್ಲೋ? ಇಎನ್ 17033, ಐಎಸ್‌ಒ 23517 ಅಥವಾ ಟಿಯುವಿ ಆಸ್ಟ್ರಿಯಾದ ‘ಓಕೆ ಬಯೋಡಿಗ್ರೇಡಬಲ್ ಸಾಯಿಲ್’ ಗುರುತು ಇದೆಯಾ?
3. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಯಾವ ವರ್ಗಕ್ಕೆ ಸಿಕ್ಕಿದೆ?
4. ನನ್ನ ಬೆಳೆಗೆ ಎಷ್ಟು ದಿನ ಬಾಳಿಕೆ ಬರುತ್ತೆ? ಬಿಲ್ಲಿನ ಮೇಲೆ ಬರೆದುಕೊಡ್ತೀರಾ?

ದುಬಾರಿ ಅಲ್ವಾ ಅಂದರೆ

ಹೌದು, ಮಣ್ಣಲ್ಲಿ ಕೊಳೆಯುವ ಶೀಟ್ ಪಾಲಿಥಿನ್‌ಗಿಂತ ದುಬಾರಿ. ಆದರೆ ರೋಲಿನ ಬೆಲೆಯನ್ನಷ್ಟೇ ಹೋಲಿಸಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಕೀಳುವ ಕೂಲಿ, ಸಾಗಿಸುವ ಖರ್ಚು, ಕಿತ್ತ ಮೇಲೂ ಉಳಿದ ಚೂರು ಆರಿಸುವ ಕೂಲಿ ಎಲ್ಲವನ್ನೂ ಪಾಲಿಥಿನ್ ಬೆಲೆಗೆ ಸೇರಿಸಿ ನೋಡಿ. ಆಮೇಲೂ ಪಾಲಿಥಿನ್ನೇ ಅಗ್ಗ ಅನ್ನಿಸಿದರೆ ಬಳಸಿ, ನನ್ನ ಅಭ್ಯಂತರ ಇಲ್ಲ. ಆದರೆ ತೆಳ್ಳಗಿನದು ತರಬೇಡಿ. 25-30 ಮೈಕ್ರಾನ್‌ನದು ಹರಿಯದೆ ಕೀಳಲು ಬರುತ್ತದೆ. ಬೆಳೆ ಪೂರ್ತಿ ಒಣಗುವ ಮೊದಲೇ, ಮಣ್ಣು ಸ್ವಲ್ಪ ಹಸಿ ಇರುವಾಗ ಕೀಳಿ. ಗುತ್ತಿಗೆಗೆ ಭೂಮಿ ಕೊಡುವವರು ‘ಶೀಟ್ ಪೂರ್ತಿ ಕಿತ್ತುಕೊಡಬೇಕು’ ಅಂತ ಕರಾರಿನಲ್ಲೇ ಬರೆಸಿ, ಮುಂಗಡದಲ್ಲಿ ಒಂದಿಷ್ಟು ಹಿಡಿದಿಡಿ.

ಸಣ್ಣ ಹಿಡುವಳಿಯವರಿಗೆ ಇನ್ನೊಂದು ಮಾತು. ಕಬ್ಬಿನ ರವದಿ, ಭತ್ತದ ಹುಲ್ಲು, ಅಡಿಕೆ ಸೋಗೆ ಸಿಗುವ ಕಡೆ ಅದೇ ಒಳ್ಳೆಯ ಹೊದಿಕೆ. ಅದರ ಕೊಂಡಿ ಕತ್ತರಿಸುವ ಕಿಣ್ವ ಮಣ್ಣಲ್ಲಿ ಇದೆಯಾ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಸರಕಾರ ಮಾಡಬೇಕಾದ್ದು

ಶೀಟ್ ಹಾಸಲು ತೋಟಗಾರಿಕೆ ಇಲಾಖೆಯ ಮೂಲಕ ಸಹಾಯಧನ ಸಿಗುತ್ತದೆ. ಕಿತ್ತು ವಾಪಸ್ ಕೊಟ್ಟವರಿಗೆ ಏನು ಸಿಗುತ್ತದೆ? ಸಹಾಯಧನದ ಒಂದು ಪಾಲನ್ನು ಹಳೇ ಶೀಟ್ ತೂಕ ಮಾಡಿ ಕೊಟ್ಟ ಮೇಲೆ ಬಿಡುಗಡೆ ಮಾಡಲಿ. ಹೋಬಳಿಗೊಂದು ಸಂಗ್ರಹ ಕೇಂದ್ರ ಇರಲಿ. ಕೊಳೆಯುವ ಶೀಟಿಗೆ ಹೆಚ್ಚು ಸಹಾಯಧನ ಕೊಡುವುದಾದರೆ ಮಣ್ಣಿನ ಪರೀಕ್ಷೆ ಪಾಸಾದದ್ದಕ್ಕೆ ಮಾತ್ರ ಕೊಡಲಿ, ಕಾಂಪೋಸ್ಟ್ ಪ್ರಮಾಣಪತ್ರ ತೋರಿಸಿದವರಿಗೆ ಬೇಡ. ನಮ್ಮ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳು ಕೆಂಪು ಮಣ್ಣು, ಎರೆಮಣ್ಣು, ಕರಾವಳಿ ಮಣ್ಣುಗಳಲ್ಲಿ ಯಾವ ಶೀಟ್ ಎಷ್ಟು ತಿಂಗಳಿಗೆ ಕೊಳೆಯುತ್ತೆ ಅಂತ ಪರೀಕ್ಷೆ ಮಾಡಿ ಕನ್ನಡದಲ್ಲಿ ಪಟ್ಟಿ ಪ್ರಕಟಿಸಲಿ. ಯುರೋಪಿನ ಮಣ್ಣಿನ ಫಲಿತಾಂಶ ನೋಡಿಕೊಂಡು ಕೋಲಾರದ ರೈತ ದುಡ್ಡು ಹಾಕಬೇಕಾದ ಸ್ಥಿತಿ ಇರಬಾರದು.

ಪಿಎಲ್‌ಎ ಬೇಡವೇ ಬೇಡ ಅಂತಲೂ ನಾನು ಹೇಳುತ್ತಿಲ್ಲ. ಉತ್ತರ ಪ್ರದೇಶದಲ್ಲಿ ಸಕ್ಕರೆ ಕಾರ್ಖಾನೆಯೊಂದು ದೊಡ್ಡ ಪಿಎಲ್‌ಎ ಘಟಕಕ್ಕೆ ಕೈಹಾಕಿದೆ. ಕಬ್ಬಿಗೆ ಹೊಸ ಮಾರುಕಟ್ಟೆ ಸಿಕ್ಕರೆ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಬೆಳೆಗಾರರಿಗೂ ಒಳ್ಳೆಯದೇ. ಲೋಟ, ತಟ್ಟೆ ಮಾಡಿ ಕಾಂಪೋಸ್ಟ್ ಘಟಕಕ್ಕೆ ಕಳಿಸುವುದಾದರೆ ಅದು ಒಳ್ಳೆಯ ವಸ್ತು. ಘಟಕವೇ ಇಲ್ಲದ ಊರಿನಲ್ಲಿ, ಹೊಲದ ಮಣ್ಣಿನಲ್ಲಿ ಅದು ಇನ್ನೊಂದು ಪ್ಲಾಸ್ಟಿಕ್ ಅಷ್ಟೇ.

ಮಲ್ಚಿಂಗ್ ಮಾಡುವವರು ಈ ಸಲ ರೋಲ್ ತರಲು ಹೋದಾಗ ಮೇಲಿನ ನಾಲ್ಕು ಪ್ರಶ್ನೆ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರ ಬರಹದಲ್ಲಿ ಸಿಕ್ಕರೆ ಮೊದಲು ಹತ್ತು ಗುಂಟೆಗೆ ಹಾಸಿ ನೋಡಿ. ಸಿಗದಿದ್ದರೆ ಶೀಟಿನ ಹೆಸರು ಏನೇ ಇರಲಿ, ಬೆಳೆ ಮುಗಿದ ಮೇಲೆ ಕಿತ್ತು ಹೊರಗೆ ಹಾಕಿ. ಕೀಳುವ ಕೂಲಿ ಒಂದು ಸಲದ ಖರ್ಚು. ಮಣ್ಣಿಗೆ ಸೇರಿದ ಚೂರನ್ನು ಮಕ್ಕಳ ಕಾಲಕ್ಕೂ ಆರಿಸಿ ಮುಗಿಸಲಾಗದು.